22.3 ಇದ್ದದ್ದು 1.9 ಆದ ಕಥೆ

ಹೋದ ತಿಂಗಳು ಊರಿಗೆ ಹೋದಾಗ ಅಮ್ಮನನ್ನ ಕೇಳಿದೆ: "ಅಮ್ಮಾ, ಗರ್ಭಕಂಠದ ಕ್ಯಾನ್ಸರ್‌ಗೆ ಯಾವತ್ತಾದ್ರೂ ಟೆಸ್ಟ್ ಮಾಡಿಸಿದೀಯಾ?"

"ಹೂಂ, ನೀನು ಹುಟ್ಟೋವಾಗ ಡಾಕ್ಟರಮ್ಮ ಒಳಗೆಲ್ಲಾ ನೋಡಿದ್ರಲ್ಲ" ಅಂದಳು.

ಅದು ಹೆರಿಗೆ ಸಮಯದ ಪರೀಕ್ಷೆ, ಕ್ಯಾನ್ಸರ್ ತಪಾಸಣೆ ಅಲ್ಲ. ಆದರೆ ಅಮ್ಮ ಸುಳ್ಳು ಹೇಳಲಿಲ್ಲ. ನಮ್ಮ ದೇಶದ ಅಂಕಿ-ಅಂಶದ ಕಥೆಯೂ ಹೆಚ್ಚುಕಮ್ಮಿ ಹೀಗೇ ಇದೆ.

2015-16ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತು ನಡೀತು. ಗರ್ಭಕಂಠದ ಪರೀಕ್ಷೆ ಯಾವಾಗಲಾದರೂ ಆಗಿದೆಯಾ ಅಂತ ಕೇಳಿದರು. 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 22.3 ಮಂದಿ ಹೌದು ಅಂದರು. ಮುಂದಿನ ಸುತ್ತು 2019-21ರಲ್ಲಿ. ಈ ಸಲದ ಪ್ರಶ್ನೆ ಗರ್ಭಕಂಠದ ಕ್ಯಾನ್ಸರ್ ಪತ್ತೆಗಾಗಿ ಮಾಡೋ ತಪಾಸಣೆಯ ಬಗ್ಗೆ, ಲೆಕ್ಕ 30ರಿಂದ 49 ವಯಸ್ಸಿನವರದ್ದು. ಉತ್ತರ ಶೇ 1.9!

ಐದು ವರ್ಷದಲ್ಲಿ ಆಸ್ಪತ್ರೆಗಳೇನೂ ಮುಚ್ಚಿಹೋಗಲಿಲ್ಲ. ಬದಲಾಗಿದ್ದು ಪ್ರಶ್ನೆ ಮತ್ತು ವಯಸ್ಸಿನ ಗುಂಪು. ಹಾಗಾಗಿ ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು "ತಪಾಸಣೆ ಕುಸಿದಿದೆ" ಅನ್ನೋದು ತಪ್ಪು. ಹಳೇ ಅಂಕಿ ನೋಡಿ ಸಮಾಧಾನ ಪಟ್ಟಿದ್ದರೆ ಅದೂ ತಪ್ಪೇ.

ನಾನು ಬಿ.ಕಾಂ. ಓದಿದವನು, ಅಂಗಡಿ ಲೆಕ್ಕದಲ್ಲೇ ಹೇಳ್ತೀನಿ. ಇವತ್ತು ಎಷ್ಟು ಬಿಲ್ ಆಯ್ತು ಅನ್ನೋದು ಬೇರೆ, ಎಷ್ಟು ಜನ ಗಿರಾಕಿ ಬಂದರು ಅನ್ನೋದು ಬೇರೆ. ಒಬ್ಬರೇ ಹತ್ತು ಸಲ ಬಂದಿರಬಹುದು.

ಇಂಗ್ಲೆಂಡ್ ಈ ಪಾಠ ಕಲಿಯೋಕೆ ಎರಡು ದಶಕ ತಗೊಂಡಿತು. ಅಲ್ಲಿ ಪ್ಯಾಪ್ ಸ್ಮಿಯರ್ ತಪಾಸಣೆ 1964ರಲ್ಲೇ ಶುರುವಾಗಿತ್ತು. ಲ್ಯಾಬುಗಳು ಸ್ಮಿಯರ್ ಎಣಿಸ್ತಿದ್ದವು. ಆದರೆ ಯಾರು ಬಂದಿಲ್ಲ ಅನ್ನೋ ಪಟ್ಟಿ ಇಟ್ಟು, ಅವರನ್ನ ಕರೆಸೋ ವ್ಯವಸ್ಥೆ ದೇಶದಾದ್ಯಂತ ಇರಲಿಲ್ಲ. 1988ರಲ್ಲಿ ವೈದ್ಯರ ಬಳಿ ನೋಂದಾಯಿಸಿದ ಮಹಿಳೆಯರ ಪಟ್ಟಿಯನ್ನ ಕಂಪ್ಯೂಟರಿಗೆ ಹಾಕಿ, ಮನೆಗೆ ಪತ್ರ ಕಳಿಸೋ ಪದ್ಧತಿ ತಂದರು. ಗರ್ಭಕೋಶದ ಜೊತೆ ಗರ್ಭಕಂಠವನ್ನೂ ತೆಗೆಸಿಕೊಂಡವರನ್ನ ಲೆಕ್ಕದಿಂದ ಬಿಟ್ಟರು. ತಪಾಸಣೆಯ ವ್ಯಾಪ್ತಿ 1988ರಲ್ಲಿ ಸುಮಾರು ಶೇ 42 ಇತ್ತು, 1994ಕ್ಕೆ ಶೇ 85ರ ಹತ್ತಿರ ಬಂತು. ಈ ಕ್ಯಾನ್ಸರ್ ಕಾಣಿಸಿಕೊಳ್ಳೋದೂ ಗಣನೀಯವಾಗಿ ಇಳಿಯಿತು. ಬಾರದವರ ಹೆಸರು ಗೊತ್ತಿದ್ದರೆ ತಾನೇ ಪತ್ರ ಹಾಕೋಕಾಗೋದು?

ನಮ್ಮಲ್ಲಿ 2016ರ ಕೇಂದ್ರ ಮಾರ್ಗಸೂಚಿ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು ಅನ್ನುತ್ತೆ. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ, ಬೆಳ್ಳಗಾಗುತ್ತಾ ಅಂತ ಕಣ್ಣಲ್ಲೇ ನೋಡೋ ಪರೀಕ್ಷೆ ಅದು. ಅದಕ್ಕೂ ಮೊದಲು ಆಶಾ ಕಾರ್ಯಕರ್ತೆ ಮನೆಗೆ ಬಂದು ಒಂದು ಫಾರ್ಮ್ ತುಂಬ್ತಾರೆ, ಅಸಹಜ ರಕ್ತಸ್ರಾವ ಇದೆಯಾ ಅಂತೆಲ್ಲಾ ಕೇಳ್ತಾರೆ. ಫಾರ್ಮ್ ತುಂಬಿದ್ದು ಒಂದು ಲೆಕ್ಕ, ಪರೀಕ್ಷೆ ಆಗಿದ್ದು ಇನ್ನೊಂದು, ತೊಂದರೆ ಕಂಡವರಿಗೆ ಚಿಕಿತ್ಸೆ ಸಿಕ್ಕಿದ್ದು ಮತ್ತೊಂದು. ವರದಿಯಲ್ಲಿ ದೊಡ್ಡ ಸಂಖ್ಯೆ ಕಂಡಾಗ ಇದರಲ್ಲಿ ಯಾವುದು ಅಂತ ಮೊದಲು ಕೇಳಬೇಕು.

ಅಮ್ಮನಿಗೆ ಈಗ 53. ಮಾರ್ಗಸೂಚಿಯ ಪ್ರಕಾರ ತಪಾಸಣೆ ಆಗಬೇಕಾದ ವಯಸ್ಸು. ಆದರೆ ಸಮೀಕ್ಷೆಯ ಲೆಕ್ಕ 49ಕ್ಕೇ ನಿಲ್ಲುತ್ತೆ, ಅವಳು ಆ ಶೇ 1.9ರ ಒಳಗೂ ಇಲ್ಲ, ಹೊರಗೂ ಇಲ್ಲ.

ಮುಂದಿನ ವಾರ ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ. ನೀವೂ ಮನೆಯಲ್ಲಿ ಕೇಳಿ. "ಆಗಿದೆ" ಅಂದರೆ ಅಲ್ಲಿಗೇ ಬಿಡಬೇಡಿ. ಯಾವ ಟೆಸ್ಟು, ಯಾವ ವರ್ಷ, ರಿಪೋರ್ಟ್ ಏನು ಬಂತು ಅಂತಲೂ ಕೇಳಿ.