ಮೀಸೆಯ ತಿಂಗಳು

ನವೆಂಬರ್ ಒಂದನೆಯ ತಾರೀಖು ಬಂತೆಂದರೆ ಹೊರನಾಡಿನಲ್ಲಿರುವ ನಮಗೆ ರಾಜ್ಯೋತ್ಸವದ ಸಡಗರ. ಅದೇ ದಿನ ಸಾಗರದಾಚೆಯ ಹಲವು ದೇಶಗಳಲ್ಲಿ ಗಂಡಸರು ಮೀಸೆಯನ್ನು ನುಣ್ಣಗೆ ಬೋಳಿಸಿ, ತಿಂಗಳು ತುಂಬುವವರೆಗೆ ಮತ್ತೆ ಬೆಳೆಸತೊಡಗುತ್ತಾರೆ. ಪಂತದಲ್ಲಿ ಸೋತರೆ ಮೀಸೆ ಬೋಳಿಸುತ್ತೇನೆಂಬುದು ನಮ್ಮ ಕಡೆಯ ಮಾತು. ಅಲ್ಲಿ ಪಂತ ಹೂಡುವ ಮೊದಲೇ ಬೋಳಿಸುತ್ತಾರೆ!

ಈ ಸೋಜಿಗದ ಆಚರಣೆ ಹುಟ್ಟಿದ್ದು 2003ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ. ಟ್ರಾವಿಸ್ ಗ್ಯಾರೋನ್, ಲ್ಯೂಕ್ ಸ್ಲ್ಯಾಟರಿ ಎಂಬ ಗೆಳೆಯರು ಹರಟುತ್ತಿರಲು, ಮೀಸೆಯ ಷೋಕಿ ಎಲ್ಲಿ ಹೋಯಿತೆಂಬ ಮಾತು ಬಂದಿತು. ಗೆಳೆಯನೊಬ್ಬನ ತಾಯಿ ಸ್ತನ ಕ್ಯಾನ್ಸರಿನ ಕಾರ್ಯಕ್ಕಾಗಿ ಹಣ ಕೂಡಿಸುತ್ತಿದ್ದುದು ಅವರಿಗೆ ಮೇಲ್ಪಂಕ್ತಿಯಾಯಿತು. ಮೂವತ್ತು ಮಂದಿ ಮೀಸೆ ಬಿಟ್ಟರು. ಅಲ್ಲಿಯ ಆಡುಮಾತಿನಲ್ಲಿ ಮೀಸೆಗೆ 'ಮೋ' ಎನ್ನುತ್ತಾರೆ. ಅದು ನವೆಂಬರಿನೊಡನೆ ಕೂಡಿ 'ಮೋವೆಂಬರ್' ಆಯಿತು. ಈ ಸಂಧಿ ನಮ್ಮ ಪಂಡಿತರಿಗೆ ಒಪ್ಪಿಗೆಯಾಗಲಾರದು. ಮರುವರ್ಷ ಕೂಡಿದ ಸುಮಾರು 54,000 ಡಾಲರುಗಳು ಆ ದೇಶದ ಪ್ರಾಸ್ಟೇಟ್ ಕ್ಯಾನ್ಸರ್ ಪ್ರತಿಷ್ಠಾನಕ್ಕೆ ಸಂದವು. 2007ರಲ್ಲಿ ಚಳವಳಿ ಇಂಗ್ಲೆಂಡ್, ಅಮೆರಿಕ, ಕೆನಡಾಗಳಿಗೂ ಹಬ್ಬಿತು.

ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗಿರುವ ಪುಟ್ಟ ಗ್ರಂಥಿ. ಅದರ ಕ್ಯಾನ್ಸರ್ ಮೊದಮೊದಲು ಹೆಚ್ಚಾಗಿ ಸದ್ದಿಲ್ಲದೆ ಬೆಳೆಯುತ್ತದೆ. ತೊಂದರೆ ಕಾಣಿಸಿಕೊಂಡಾಗಲಾದರೂ ನಮ್ಮ ಯಜಮಾನರು ಬಾಯಿ ಬಿಡುವರೇ? ರಾತ್ರಿ ನಾಲ್ಕು ಬಾರಿ ಎದ್ದರೂ 'ವಯಸ್ಸಾಯಿತು' ಎಂದು ಸುಮ್ಮನಾಗುತ್ತಾರೆ. ಬಹಳ ಮಟ್ಟಿಗೆ ಅದು ಗ್ರಂಥಿ ದಪ್ಪವಾದದ್ದಷ್ಟೇ ಇರಬಹುದು. ಆದರೆ ಹಾಗೆಂದು ಹೇಳಬೇಕಾದವರು ವೈದ್ಯರು. ಊರು ಬಿಟ್ಟು ಬಂದ ಸಂಸಾರದಲ್ಲಿ ಒಬ್ಬರ ಸಂಬಳಕ್ಕೆ ಐದಾರು ಜೀವಗಳು ಜೋತು ಬಿದ್ದಿರುವಾಗ, ರಜೆ ಹಾಕಿ ಆಸ್ಪತ್ರೆಗೆ ಹೋಗುವುದು ದುಂದೆಂದು ತೋರುತ್ತದೆ. ಮನೆಯವರಿಗೆ ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಮೀಸೆಯ ಯುಕ್ತಿ ಇರುವುದು ಇಲ್ಲಿಯೇ. "ಇದೇನಯ್ಯಾ, ಹೊಸ ಮೀಸೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಉತ್ತರ ಹೇಳಹೊರಟವನು ನಾಚಿಕೆಯ ರೋಗದ ಹೆಸರೆತ್ತಲೇಬೇಕು. ಕರಪತ್ರಕ್ಕಿಂತ ಇದು ಮೇಲೆಂದು ನಮ್ಮ ಮತ.

ಆಕ್ಷೇಪಗಳೂ ಬಂದವು. ರೋಗಲಕ್ಷಣವಿಲ್ಲದವರೆಲ್ಲ ರಕ್ತಪರೀಕ್ಷೆ ಮಾಡಿಸಿದರೆ ಅನಾವಶ್ಯಕ ಚಿಕಿತ್ಸೆಗೆ ಸಿಕ್ಕಿಬೀಳಬಹುದೆಂದು ಕೆಲವು ವೈದ್ಯರು ಎಚ್ಚರಿಸಿದರು. ಮಾತು ಸುಳ್ಳಲ್ಲ. ಸಂಸ್ಥೆಯ ಕೆಲಸವೂ ಮುಂದೆ ಒಂದೇ ರೋಗಕ್ಕೆ ನಿಲ್ಲಲಿಲ್ಲ. ತರುಣರನ್ನು ಹಿಡಿಯುವ ವೃಷಣದ ಕ್ಯಾನ್ಸರ್, ಮನೋವ್ಯಥೆ, ಆತ್ಮಹತ್ಯೆಯ ತಡೆ ಇವೂ ಸೇರಿದವು.

ಈ ಕಾರ್ಯದಲ್ಲಿ ಹೆಂಗಸರೂ ಇದ್ದಾರೆ; ಅವರಿಗೆ 'ಮೋ ಸಿಸ್ಟಾ' ಎಂದು ಹೆಸರು. ಗಂಡನನ್ನು ವೈದ್ಯರ ಬಳಿಗೆ ಹೊರಡಿಸುವ ಕೆಲಸ ಅಲ್ಲಿಯೂ ಅವರದೇ ಇರಬೇಕೆಂದು ನಮ್ಮ ಊಹೆ.