ಕಿತ್ತ ಸಸಿ, ಹಚ್ಚಿದ ಸಸಿ

ಬೋರ್ನಿಯೋ ಮತ್ತು ಸುಮಾತ್ರ ದ್ವೀಪಗಳ ಮಳೆಕಾಡಿಗೆ ಒಂದು ವಿಚಿತ್ರ ಬಗೆಯ ಪ್ರವಾಸಿಗರು ಬರುತ್ತಾರೆ. ಸಾಮಾನ್ಯ ಪ್ರವಾಸಿ ಹಣ ಕೊಟ್ಟು ಸುಖ ಪಡೆಯುತ್ತಾನೆ. ಇವರು ಹಣ ಕೊಟ್ಟು ಕೂಲಿ ಮಾಡುತ್ತಾರೆ. ಯುರೋಪು, ಅಮೆರಿಕ, ಆಸ್ಟ್ರೇಲಿಯಗಳಿಂದ ಬರುವ ಈ ಸ್ವಯಂಸೇವಕರು ಕೆಲವು ವಾರ ಕಾಡಿನ ಅಂಚಿನಲ್ಲಿ ತಂಗುತ್ತಾರೆ. ಸಸಿ ನೆಡಲು ಗುಂಡಿ ತೋಡುವುದು, ಕಾವಲಿನವರಿಗೆ ಗುಡಿಸಲು ಕಟ್ಟುವುದು, ಕಾಲುಹಾದಿ ಸರಿಪಡಿಸುವುದು ಅವರ ಕೆಲಸ. ಇಷ್ಟೆಲ್ಲ ಶ್ರಮ ಪಡುವುದು ಒರಾಂಗುಟಾನ್ ಎಂಬ ವಾನರನಿಗಾಗಿ.

ಮಲಯ ಭಾಷೆಯಲ್ಲಿ ‘ಒರಾಂಗ್’ ಎಂದರೆ ಮನುಷ್ಯ, ‘ಹುತಾನ್’ ಎಂದರೆ ಕಾಡು. ಕೆಂಗಂದು ಕೂದಲಿನ ಈ ಪ್ರಾಣಿಯನ್ನು ಅಲ್ಲಿನ ಜನ ಕಾಡಿನ ಮನುಷ್ಯ ಎಂದೇ ಕರೆದರು. ಒಂದು ಹೆಣ್ಣು ಏಳೆಂಟು ವರ್ಷಗಳಿಗೊಮ್ಮೆ ಮಾತ್ರ ಮರಿ ಹಾಕುತ್ತದೆ. ಆದ್ದರಿಂದ ಒಮ್ಮೆ ಸಂಖ್ಯೆ ಕುಸಿದರೆ ಚೇತರಿಕೆ ಬಹಳ ನಿಧಾನ. 1999ರಿಂದ 2015ರ ನಡುವಿನ ಅವಧಿಯಲ್ಲಿ ಬೋರ್ನಿಯೋ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್‌ಗಳು ಕಡಿಮೆಯಾದವು ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಸುಮಾತ್ರದ ತಪನೂಲಿ ಪ್ರದೇಶದ ವಾನರ ಪ್ರತ್ಯೇಕ ಪ್ರಭೇದವೆಂದು ಗುರುತಾದದ್ದೇ 2017ರಲ್ಲಿ. ಗುರುತಾಗುವ ಹೊತ್ತಿಗೆ ಅವುಗಳ ಸಂಖ್ಯೆ ಎಂಟುನೂರಕ್ಕಿಂತ ಕಡಿಮೆ ಇತ್ತು.

ಈ ವಾನರನ ರಕ್ಷಣೆಯ ಇತಿಹಾಸಕ್ಕೆ ಅರವತ್ತು ವರ್ಷ ದಾಟಿದೆ. ಮಲೇಷ್ಯಾದ ಸಬಾ ಪ್ರಾಂತದ ಸೆಪಿಲೋಕ್‌ನಲ್ಲಿ 1964ರಲ್ಲಿ ಅನಾಥ ಮರಿಗಳ ಪುನರ್ವಸತಿ ಕೇಂದ್ರ ಆರಂಭವಾಯಿತು. 1971ರಲ್ಲಿ ಬಿರುಟೆ ಗಾಲ್ಡಿಕಾಸ್ ಎಂಬ ಯುವ ಸಂಶೋಧಕಿ ಇಂಡೊನೇಷ್ಯಾದ ತಂಜುಂಗ್ ಪುಟಿಂಗ್ ಕಾಡಿನಲ್ಲಿ ಶಿಬಿರ ಹೂಡಿ ಅಧ್ಯಯನಕ್ಕೆ ಕುಳಿತರು. 1973ರಲ್ಲಿ ಇಬ್ಬರು ಸ್ವಿಸ್ ಮಹಿಳೆಯರು ಸುಮಾತ್ರದ ಬುಕಿತ್ ಲವಾಂಗ್‌ನಲ್ಲಿ ಇನ್ನೊಂದು ಕೇಂದ್ರ ತೆರೆದರು. ಕೇಂದ್ರಗಳ ಹಿಂದೆಯೇ ಪ್ರವಾಸಿಗರು ಬಂದರು. ಪ್ರವಾಸಿಗರ ಹಿಂದೆ ಅವರ ನೆಗಡಿ, ಕೆಮ್ಮುಗಳೂ ಬಂದವು. ಮನುಷ್ಯನಿಗೆ ಇಷ್ಟು ಹತ್ತಿರದ ನೆಂಟನಾದ ಪ್ರಾಣಿಗೆ ಮನುಷ್ಯನ ರೋಗಗಳೂ ಸುಲಭವಾಗಿ ತಗಲುತ್ತವೆ. ಅದಕ್ಕೇ ಇಂದು ಹೊಣೆಯರಿತ ಸಂಸ್ಥೆಗಳು ಸ್ವಯಂಸೇವಕರಿಗೆ ವಾನರನನ್ನು ಮುಟ್ಟಲು ಬಿಡುವುದಿಲ್ಲ. ದೂರ ನಿಂತು ನೋಡಿ, ಹತ್ತಿರ ನಿಂತು ಗುಂಡಿ ತೋಡಿ ಎನ್ನುತ್ತವೆ.

ಅಷ್ಟಕ್ಕೂ ಆ ಕಾಡು ಹೋದದ್ದೆಲ್ಲಿಗೆ? ಉತ್ತರದ ಒಂದು ಪಾಲು ನಮ್ಮ ಅಡುಗೆಮನೆಯಲ್ಲೇ ಇದೆ. ಪಶ್ಚಿಮ ಆಫ್ರಿಕ ಮೂಲದ ಎಣ್ಣೆತಾಳೆಯ ನಾಲ್ಕು ಸಸಿಗಳನ್ನು ಡಚ್ಚರು 1848ರಲ್ಲಿ ಜಾವಾದ ಬೋಗೋರ್ ಸಸ್ಯೋದ್ಯಾನದಲ್ಲಿ ನೆಟ್ಟರು. ಇಂದು ಅಲ್ಲಿನ ದ್ವೀಪಗಳಲ್ಲಿ ಲಕ್ಷಾಂತರ ಹೆಕ್ಟೇರು ಮಳೆಕಾಡಿನ ಜಾಗದಲ್ಲಿ ಅದೊಂದೇ ಮರ ಸಾಲುಗಟ್ಟಿ ನಿಂತಿದೆ. ತಾಳೆ ಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತ. ಮಿರ್ಚಿ ಭಜಿಯ ಬಾಣಲೆಯಿಂದ ಬಿಸ್ಕತ್ತು, ಸಾಬೂನಿನವರೆಗೆ ಅದು ಎಲ್ಲೆಲ್ಲೂ ಇದೆ. ರೇಷನ್ ಅಂಗಡಿಯ ಮುಂದೆ ಪಾಮೋಲಿನ್‌ಗಾಗಿ ಸರದಿ ನಿಂತ ನೆನಪು ಹಳಬರಿಗೆ ಇದ್ದೇ ಇದೆ.

ನೂರಾರು ಜಾತಿಯ ಮರಗಳಿದ್ದ ನೆಲದಲ್ಲಿ ಒಂದೇ ಜಾತಿಯ ಮರ ಬರುವುದು, ಅದರ ಲಾಭ ದೂರದವರಿಗೆ ಹೋಗುವುದು, ಅಲ್ಲೇ ಬದುಕಿದವರನ್ನು ಯಾರೂ ಕೇಳದಿರುವುದು: ಈ ಕಥೆ ಹಾವೇರಿ ಜಿಲ್ಲೆಯ ಜನಕ್ಕೆ ಹೊಸದಲ್ಲ. ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 1987ರಲ್ಲಿ ನಡೆದ ಸತ್ಯಾಗ್ರಹದ ಮೂಲದಲ್ಲಿದ್ದುದೂ ಇದೇ ಕಥೆ. ಅಲ್ಲಿ ಒರಾಂಗುಟಾನ್ ಇರಲಿಲ್ಲ. ದನಕರುಗಳಿದ್ದವು, ಅವುಗಳನ್ನು ನಂಬಿದ ಜನರಿದ್ದರು.

ಮಲೆನಾಡಿನ ಸೆರಗು

ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಸೆರಗಿನಲ್ಲಿವೆ. ಹಾನಗಲ್ಲಿನಿಂದ ಪಶ್ಚಿಮಕ್ಕೆ ಹೊರಟರೆ ಮುಂಡಗೋಡ, ಶಿರಸಿಯ ಕಾಡು. ಪೂರ್ವಕ್ಕೆ ಹೊರಟರೆ ಸವಣೂರಿನ ಕಪ್ಪು ಮಣ್ಣಿನ ಹೊಲ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಬನವಾಸಿಯನ್ನು ಸುತ್ತಿ ಈ ಸೀಮೆಗೆ ನೀರು ತಂದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಘಟ್ಟದ ಮೇಲಿನ ಕಾಡು ಹೇಗಿದೆ ಎಂಬುದರ ಮೇಲೆ ಬಯಲಿನ ಬಾವಿಯ ನೀರು ನಿಂತಿದೆ ಎಂಬುದನ್ನು ಇಲ್ಲಿನ ರೈತನಿಗೆ ಯಾರೂ ಪಾಠ ಹೇಳಬೇಕಿಲ್ಲ.

ಇಂಥ ಊರುಗಳಲ್ಲಿ ಹೊಲ, ಕಾಡು ಎರಡೂ ಅಲ್ಲದ ಮೂರನೆಯ ಬಗೆಯ ನೆಲವೊಂದಿರುತ್ತದೆ. ಗೋಮಾಳ, ಗಾಯರಾಣ, ಸರ್ಕಾರಿ ದಾಖಲೆಯಲ್ಲಿ ‘ಸಿ ಮತ್ತು ಡಿ’ ದರ್ಜೆ ಎನಿಸಿಕೊಂಡ ಭೂಮಿ ಇವೆಲ್ಲ ಅದರ ಹೆಸರುಗಳು. ಕಾಗದದಲ್ಲಿ ಅದು ಪಾಳು ನೆಲ. ಊರಿನವರಿಗೆ ದನ ಮೇಯುವ, ಸೌದೆ ಆಯುವ, ಗೊಬ್ಬರಕ್ಕೆ ಸೊಪ್ಪು ತರುವ ಜಾಗ. ಸ್ವಂತ ಹೊಲವಿಲ್ಲದ ಮನೆಯಲ್ಲಿ ಒಂದು ಎಮ್ಮೆಯೋ ನಾಲ್ಕು ಕುರಿಯೋ ಬದುಕಿದ್ದರೆ ಅದು ಈ ನೆಲದಿಂದ.

1984ರ ನವೆಂಬರ್ 14ರಂದು ರಾಜ್ಯ ಸರ್ಕಾರವು ಹರಿಹರ ಪಾಲಿಫೈಬರ್ಸ್ ಕಂಪನಿಯೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿದ್ದ ಈ ಕಾರ್ಖಾನೆಗೆ ರೇಯಾನ್ ಬಟ್ಟೆಯ ಎಳೆಗೆ ಬೇಕಾದ ತಿರುಳು ತಯಾರಿಸಲು ಮರ ಬೇಕಿತ್ತು. ಹೀಗೆ ಹುಟ್ಟಿದ್ದು ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್. ಇದರಲ್ಲಿ ಸರ್ಕಾರದ್ದು ಶೇ. 51, ಕಂಪನಿಯದ್ದು ಶೇ. 49 ಪಾಲು. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರು ಊರೊಟ್ಟಿನ ನೆಲದಲ್ಲಿ ನೀಲಗಿರಿ ಮುಂತಾದ ಬೇಗ ಬೆಳೆಯುವ ಮರ ಬೆಳೆಸುವುದು ಅದರ ಉದ್ದೇಶ. ಆಗಿನ್ನೂ ಹಾವೇರಿ ಜಿಲ್ಲೆ ಹುಟ್ಟಿರಲಿಲ್ಲ. ಅದು ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ.

ಆಸ್ಟ್ರೇಲಿಯ ಮೂಲದ ನೀಲಗಿರಿ ಮರ ಕರ್ನಾಟಕಕ್ಕೆ ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆಂದು ಹೇಳುತ್ತಾರೆ. ಮರವೇನೋ ಬೇಗ ಬೆಳೆಯುತ್ತದೆ. ಆದರೆ ಅದರ ಎಲೆಯನ್ನು ದನ ಮೂಸುವುದಿಲ್ಲ. ಕಾರ್ಖಾನೆಗೆ ಅದು ಅನುಕೂಲ, ಬೇಲಿಯ ಖರ್ಚು ಉಳಿಯಿತು. ಊರಿಗೆ ಅದೇ ಅನನುಕೂಲ, ಮೇವು ಹೋಯಿತು.

ಕುಸನೂರಿನ ಒಂದು ದಿನ

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅದಾಗಲೇ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ ಹೋರಾಡುತ್ತಿತ್ತು. ಈಗ ಅದು ನೆಲದ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿತು. ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯಲ್ಲಿ ಮೊದಲ ಹೆಸರು ಡಾ. ಶಿವರಾಮ ಕಾರಂತರದು. ಎಂಬತ್ತು ದಾಟಿದ ಜ್ಞಾನಪೀಠ ಪುರಸ್ಕೃತ ಸಾಹಿತಿ ಊರ ದನಗಳ ಮೇವಿಗಾಗಿ ದೇಶದ ಅತ್ಯುನ್ನತ ನ್ಯಾಯಾಲಯದ ಕದ ತಟ್ಟಿದರು. ಊರಿನವರನ್ನು ಕೇಳದೆ ಅವರ ನೆಲವನ್ನು ಒಂದು ಕಂಪನಿಗೆ ಕೊಟ್ಟದ್ದು ಸರಿಯಲ್ಲ ಎಂಬುದು ಅರ್ಜಿಯ ತಿರುಳು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ತಡೆಯಾಜ್ಞೆ ನೀಡಿತು.

ಆದರೆ ಹೋರಾಟವನ್ನು ದೆಹಲಿಗೆ ಒಪ್ಪಿಸಿ ಊರಿನವರು ಕೈಕಟ್ಟಿ ಕೂರಲಿಲ್ಲ. ಒಪ್ಪಂದಕ್ಕೆ ಮೂರು ವರ್ಷ ತುಂಬಿದ ದಿನ, 1987ರ ನವೆಂಬರ್ 14ರಂದು, ಕುಸನೂರಿನಲ್ಲಿ ಸುಮಾರು 2,000 ಮಂದಿ ಸೇರಿದರು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಇದ್ದರು. ಅಹಿಂಸೆಯ ಪ್ರತಿಜ್ಞೆ ಮಾಡಿ, ಡೊಳ್ಳು ಬಾಜಾಬಜಂತ್ರಿಯೊಡನೆ ವಿವಾದದ ನೆಲಕ್ಕೆ ನಡೆದರು. ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹಣ್ಣಿನ, ಮೇವಿನ ಸಸಿಗಳನ್ನು ನೆಟ್ಟರು. ನೆಟ್ಟ ಸಸಿಗೆ ನೀರು ಹಾಕಿ ಕಾಪಾಡುತ್ತೇವೆ ಎಂದು ಮತ್ತೊಂದು ಪ್ರತಿಜ್ಞೆ ಮಾಡಿ ಮನೆಗೆ ಮರಳಿದರು.

‘ಕಿತ್ತಿಕೋ-ಹಚ್ಚಿಕೋ’ ಎಂಬ ಹೆಸರು ಈ ಸತ್ಯಾಗ್ರಹಕ್ಕೆ ಬಂತು. ಉತ್ತರ ಕರ್ನಾಟಕದ ಮಾತಿನಲ್ಲಿ ಸಸಿಯನ್ನು ನೆಡುವುದಿಲ್ಲ, ಹಚ್ಚುತ್ತಾರೆ. ಹೆಸರಿನ ಮೊದಲ ಪದ ಪ್ರತಿಭಟನೆ, ಎರಡನೆಯದು ಹೊಣೆಗಾರಿಕೆ. ಕೀಳುವುದಷ್ಟೇ ಆಗಿದ್ದರೆ ಅದು ಒಂದು ದಿನದ ಗಲಾಟೆಯಾಗಿ ಮುಗಿಯುತ್ತಿತ್ತು. ಹಚ್ಚಿದ್ದರಿಂದ ಅದು ನೆಲದ ಮೇಲಿನ ಹಕ್ಕಿನ ಘೋಷಣೆಯಾಯಿತು. ಮುಂದಿನ ವರ್ಷ ಕುಸನೂರಿನಲ್ಲೇ ಸತ್ಯಾಗ್ರಹ ಮತ್ತೆ ನಡೆಯಿತು. ಕೊನೆಗೆ 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಯೇ ಬಾಗಿಲು ಹಾಕಿತು.

ನಡೆದು ಬಂದವರು

ಕುಸನೂರು ಒಂಟಿಯಾಗಿರಲಿಲ್ಲ. ನೆರೆಯ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ 1983ರ ಸೆಪ್ಟೆಂಬರ್ 8ರಂದು ಕಳಸೆ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತಿದ್ದರು. ‘ಅಪ್ಪಿಕೋ’ ಚಳವಳಿ ಹುಟ್ಟಿದ್ದು ಹಾಗೆ. ಕುಸನೂರಿನ ಸತ್ಯಾಗ್ರಹ ನಡೆದ ನವೆಂಬರ್ ತಿಂಗಳಲ್ಲೇ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆಯೂ ಹೊರಟಿತ್ತು. ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದ. ಸುಮಾರು ನೂರು ದಿನ ಘಟ್ಟದ ಊರುಗಳನ್ನು ದಾಟಿ, 1988ರ ಫೆಬ್ರುವರಿಯಲ್ಲಿ ಎರಡೂ ತಂಡಗಳು ಗೋವೆಯಲ್ಲಿ ಕೂಡಿದವು.

ಇದೂ ಒಂದು ಬಗೆಯ ಸ್ವಯಂಸೇವಕರ ಪ್ರವಾಸವೇ. ಆದರೆ ಇಲ್ಲಿನ ಪ್ರವಾಸಿಗರು ಪ್ರಾಣಿ ನೋಡಲು ಬಂದವರಲ್ಲ. ಕಾಡಿನ ಪಕ್ಕದಲ್ಲಿ ಬದುಕುವವರು ಏನು ಹೇಳುತ್ತಾರೆಂದು ಕೇಳಲು ಬಂದವರು. ಕೇಳಿಸಿಕೊಂಡದ್ದನ್ನು ಪಟ್ಟಣಕ್ಕೆ ಒಯ್ದು ಹೇಳಿದವರು.

ಶಿರಸಿ, ಹೊನ್ನಾವರಗಳ ಅದೇ ಮಳೆಕಾಡಿನಲ್ಲಿ ಕರ್ನಾಟಕದ ‘ಒರಾಂಗುಟಾನ್’ ಎನ್ನಬಹುದಾದ ಪ್ರಾಣಿಯೂ ಇದೆ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರದ ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಅದು ಇಲ್ಲ. ಈ ಭಾಗದಲ್ಲಿ ಅದರ ಮೂವತ್ತಕ್ಕೂ ಹೆಚ್ಚು ಗುಂಪುಗಳಿರುವುದು ಈ ಶತಮಾನದ ಆರಂಭದಲ್ಲಿ ಮೈಸೂರಿನ ವಿಜ್ಞಾನಿಗಳ ಸಮೀಕ್ಷೆಯಿಂದ ಗೊತ್ತಾಯಿತು. 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವೂ ವಿಸ್ತರಣೆಗೊಂಡು ಸಿಂಗಳೀಕದ ಹೆಸರು ಪಡೆಯಿತು. ಎಂಬತ್ತರ ದಶಕದ ಹೋರಾಟಗಾರರ ಬಾಯಲ್ಲಿ ಇದ್ದುದು ಮರ, ನೀರು, ಮೇವಿನ ಮಾತು. ಅವರು ಉಳಿಸಿಕೊಂಡ ಕಾಡಿನಲ್ಲಿ ಸಿಂಗಳೀಕವೂ ಉಳಿಯಿತು.

ಯಾರನ್ನು ಕೇಳಬೇಕು?

ಮತ್ತೆ ಬೋರ್ನಿಯೋಕ್ಕೆ ಬರೋಣ. 1996ರ ಸುಮಾರಿಗೆ ಇಂಡೊನೇಷ್ಯಾ ಸರ್ಕಾರ ಮಧ್ಯ ಕಾಲಿಮಂತಾನ್‌ನ ಜೌಗು ಕಾಡಿನ ಹತ್ತು ಲಕ್ಷ ಹೆಕ್ಟೇರನ್ನು ಭತ್ತದ ಗದ್ದೆ ಮಾಡಲು ಹೊರಟಿತು. ಕಾಲುವೆ ತೋಡಿ ನೀರು ಬಸಿದರು. ಭತ್ತ ಬೆಳೆಯಲಿಲ್ಲ. ಒಣಗಿದ ನೆಲಕ್ಕೆ 1997ರಲ್ಲಿ ಬೆಂಕಿ ಬಿದ್ದು, ಒರಾಂಗುಟಾನ್‌ಗಳೂ ಸತ್ತವು, ದಯಾಕ್ ಜನರ ತೋಟಗಳೂ ಸುಟ್ಟವು. ಯೋಜನೆ ರೂಪಿಸುವಾಗ ಆ ಜನರ ಮಾತಿಗೆ ಬೆಲೆ ಇರಲಿಲ್ಲ.

2013ರ ಮೇ ತಿಂಗಳಲ್ಲಿ ಆ ದೇಶದ ಸಾಂವಿಧಾನಿಕ ನ್ಯಾಯಾಲಯ ಒಂದು ಮಹತ್ವದ ತೀರ್ಪು ನೀಡಿತು. ಬುಡಕಟ್ಟು ಜನರ ಸಾಂಪ್ರದಾಯಿಕ ಕಾಡು ಸರ್ಕಾರಿ ಕಾಡಲ್ಲ ಎಂಬುದು ಅದರ ಸಾರ. ಕುಸನೂರಿನ ಜನ ಡೊಳ್ಳು ಬಾರಿಸಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ದಾಖಲೆಯಲ್ಲಿ ಯಾರ ಹೆಸರೇ ಇರಲಿ, ನೆಲವನ್ನು ನಂಬಿದವರನ್ನು ಕೇಳದೆ ಅದನ್ನು ಕೊಡಬಾರದು.

ಹಣ ಕೊಟ್ಟು ಬಂದ ಸ್ವಯಂಸೇವಕ ಬೋರ್ನಿಯೋದಲ್ಲಿ ನೆಡುವ ಸಸಿ ವ್ಯರ್ಥವೆಂದು ಇದರ ಅರ್ಥವಲ್ಲ. ಅವನ ಹಣದಿಂದ ಕಾವಲಿನವರಿಗೆ ಸಂಬಳವಾಗುತ್ತದೆ, ಊರಿನವರಿಗೆ ಕಾಡು ಉಳಿದರೆ ಲಾಭ ಎಂಬ ನಂಬಿಕೆ ಬರುತ್ತದೆ. ಆದರೆ ಎರಡು ವಾರಕ್ಕೆ ಅವನು ವಿಮಾನ ಹತ್ತುತ್ತಾನೆ. ಸಸಿಗೆ ಮೂರನೆಯ ವಾರ ನೀರು ಹಾಕುವವರು ಊರಿನವರು. ಆ ನೆಲ ನಾಳೆ ತಾಳೆಯ ತೋಟಕ್ಕೆ ಹೋಗುವುದಿಲ್ಲ ಎಂಬ ಭರವಸೆ ಅವರಿಗಿದ್ದರೆ ಮಾತ್ರ ಅವರು ನೀರು ಹಾಕುತ್ತಾರೆ.

ಕಥೆ ಇನ್ನೂ ಮುಗಿದಿಲ್ಲ. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು; ಕುಸನೂರಿನ ಜನ ಸಸಿ ಕಿತ್ತು ಆಗ ಮೂವತ್ತು ವರ್ಷವಾಗಿತ್ತು. 2021ರಲ್ಲಿ ಕೇಂದ್ರ ಸರ್ಕಾರ ದೇಶದೊಳಗೇ ಎಣ್ಣೆತಾಳೆ ಬೆಳೆಯುವ ರಾಷ್ಟ್ರೀಯ ಯೋಜನೆಯನ್ನು ಪ್ರಕಟಿಸಿತು. ಆಮದಿನ ಹೊರೆ ಇಳಿಸಬೇಕೆಂಬ ಅದರ ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಯಾವ ನೆಲದಲ್ಲಿ, ಯಾರ ಒಪ್ಪಿಗೆಯಿಂದ ಎಂಬ ಹಳೆಯ ಪ್ರಶ್ನೆ ಹೊಸ ಮರದ ಹೆಸರಿನಲ್ಲಿ ಮತ್ತೆ ಬರುತ್ತದೆ. ಆ ಪ್ರಶ್ನೆ ಕೇಳುವ ಕ್ರಮವನ್ನು ಹಾನಗಲ್ಲ ತಾಲ್ಲೂಕಿನ ಒಂದು ಊರು ಬಹಳ ಹಿಂದೆಯೇ ತೋರಿಸಿಕೊಟ್ಟಿದೆ: ಬೇಡವಾದದ್ದನ್ನು ಕೀಳು, ಬೇಕಾದದ್ದನ್ನು ಹಚ್ಚು, ಹಚ್ಚಿದ್ದಕ್ಕೆ ನೀರು ಹಾಕು.