9.9 ಎಚ್‌ಪಿ ನಾಡದೋಣಿ ಎಂಜಿನ್: ಆರೈಕೆ ಹೇಗೆ, ಬಿಡಿಭಾಗ ಹುಡುಕುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಗಂಗೊಳ್ಳಿ ಬಂದರುಗಳಲ್ಲಿ ಟ್ರಾಲ್ ಬೋಟ್‌ಗಳು ಸಾಲುಗಟ್ಟಿ ನಿಂತಿರುವಾಗಲೂ 10 ಎಚ್‌ಪಿ ಒಳಗಿನ ಮೋಟಾರು ಕಟ್ಟಿಕೊಂಡ ನಾಡದೋಣಿಗಳು ಕಡಲಿಗೆ ಇಳಿಯಬಹುದು. ಮರವಂತೆ, ಉಪ್ಪುಂದದಿಂದ ಕಾರವಾರದವರೆಗೆ 8 ಮತ್ತು 9.9 ಎಚ್‌ಪಿಯ ಟು-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್‌ಗಳಿಗೆ ಇಷ್ಟು ಬೇಡಿಕೆ ಇರಲು ಈ ಮಿತಿಯೂ ಒಂದು ಕಾರಣ.

ಮಳೆಗಾಲದ ಕಡಲು ಎಂಜಿನ್‌ನ ಸಣ್ಣ ದೋಷವನ್ನೂ ಕ್ಷಮಿಸುವುದಿಲ್ಲ. ದೋಣಿ ಅಳಿವೆ ದಾಟುವಾಗ ಎರಡು ಅಲೆಗಳ ನಡುವೆ ಎಂಜಿನ್ ನಿಂತರೆ ಪ್ಲಗ್ ಬಿಚ್ಚಿ ಒರೆಸುವಷ್ಟು ಸಮಯ ಸಿಗದು. ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಅದನ್ನು ಮಗುಚುತ್ತದೆ. ಆದ್ದರಿಂದ ಈ ಎಂಜಿನ್‌ನ ಆರೈಕೆ ಖರ್ಚು ಉಳಿಸುವ ಮಾತಷ್ಟೇ ಅಲ್ಲ.

ಎಣ್ಣೆಯ ಲೆಕ್ಕ

ಟು-ಸ್ಟ್ರೋಕ್ ಎಂಜಿನ್‌ನಲ್ಲಿ ವಾಲ್ವ್‌ಗಳ ಗೋಜಲಿಲ್ಲ, ಎಣ್ಣೆಗೆ ಬೇರೆ ಸಂಪ್ ಇಲ್ಲ. ಇಬ್ಬರು ಸೇರಿ ಹೊತ್ತು ಮನೆಗೆ ತರುವಷ್ಟು ಹಗುರ. ಆದರೆ ಕ್ರ್ಯಾಂಕ್, ಬೇರಿಂಗ್, ಪಿಸ್ಟನ್‌ಗೆ ಸಿಗುವ ಎಣ್ಣೆ ಇಂಧನದಲ್ಲಿ ಬೆರೆಸಿದ್ದಷ್ಟೇ. 50:1 ಎಂದರೆ ಲೀಟರಿಗೆ 20 ಮಿ.ಲೀ., 20 ಲೀಟರ್ ಕ್ಯಾನಿಗೆ 400 ಮಿ.ಲೀ. ಹೊಸ ಎಂಜಿನ್ ಪಳಗುವ ಮೊದಲ ಕೆಲವು ಗಂಟೆ ಅಥವಾ ಪಿಸ್ಟನ್, ರಿಂಗ್ ಬದಲಿಸಿದ ನಂತರ ಸಾಮಾನ್ಯವಾಗಿ ಇದರ ಇಮ್ಮಡಿ, ಅಂದರೆ 25:1 ಹಾಕಬೇಕು. ಸೀಮೆಎಣ್ಣೆಗೆ ಪೆಟ್ರೋಲ್‌ಗಿಂತ ಹೆಚ್ಚು ಎಣ್ಣೆ ಕೇಳುವ ಮಾದರಿಗಳಿವೆ. ಈ ವಿಷಯದಲ್ಲಿ ಪಕ್ಕದ ದೋಣಿಯವರ ಅಂದಾಜಿಗಿಂತ ಎಂಜಿನ್ ಜತೆ ಬಂದ ಪುಸ್ತಕದ ಮಾತೇ ಅಂತಿಮ.

ಯಾವ ಎಣ್ಣೆ ಎಂಬುದೂ ಮುಖ್ಯ. ಬೈಕಿಗೆ ಹಾಕುವ 2ಟಿ ಎಣ್ಣೆ ಗಾಳಿಯಿಂದ ತಣಿಯುವ, ಹೆಚ್ಚು ಬಿಸಿಯಲ್ಲಿ ಓಡುವ ಎಂಜಿನ್‌ಗೆ ತಯಾರಾದದ್ದು. ನೀರಿನಿಂದ ತಣಿಯುವ ಔಟ್‌ಬೋರ್ಡ್‌ನಲ್ಲಿ ಅದು ಬೂದಿಯಂಥ ಪದರ ಬಿಟ್ಟು ಪ್ಲಗ್ ಕೆಡಿಸುತ್ತದೆ, ರಿಂಗ್ ಹಿಡಿದುಕೊಳ್ಳುವಂತೆ ಮಾಡುತ್ತದೆ. ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಎಂದು ಇದೆಯೇ ನೋಡಿ ಕೊಳ್ಳಬೇಕು. ಪೇಟೆಯಲ್ಲಿ ಬೈಕಿನ ಎಣ್ಣೆ ಸುಲಭವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಹಾಳಾದ ಎಂಜಿನ್‌ಗಳು ಕಡಿಮೆಯಿಲ್ಲ.

ಸೀಮೆಎಣ್ಣೆ ಎಂಜಿನ್ ಬೇರೆಯೇ

ಸೀಮೆಎಣ್ಣೆಯ ಆಕ್ಟೇನ್ ಕಡಿಮೆ. ಪೆಟ್ರೋಲ್ ಎಂಜಿನ್‌ಗೆ ಅದನ್ನೇ ಸುರಿದರೆ ಸಿಲಿಂಡರಿನೊಳಗೆ ಬಡಿತ ಶುರುವಾಗಿ ಪಿಸ್ಟನ್ ತೂತಾದೀತು. ಅದಕ್ಕೆಂದೇ ಸೀಮೆಎಣ್ಣೆ ಮಾದರಿಗಳಲ್ಲಿ ಕಂಪ್ರೆಷನ್ ತಗ್ಗಿಸಿರುತ್ತಾರೆ. ಹೊರಗಿನಿಂದ ಎರಡೂ ಒಂದೇ ರೀತಿ ಕಂಡರೂ ಹೆಡ್, ಕಾರ್ಬ್ಯುರೇಟರ್ ಬೇರೆ ಇರಬಹುದು. ಹಳೆಯ ಎಂಜಿನ್ ಕೊಳ್ಳುವಾಗ ಮತ್ತು ಹೆಡ್ ಗ್ಯಾಸ್ಕೆಟ್ ತರುವಾಗ ಇದು ನೆನಪಿರಬೇಕು.

ಚಾಲೂ ಮಾಡುವುದು ಪೆಟ್ರೋಲ್‌ನಲ್ಲಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾವಣೆ. ಇದು ಎಲ್ಲರಿಗೂ ಗೊತ್ತು. ದಡಕ್ಕೆ ಮರಳುವಾಗ ಮತ್ತೆ ಪೆಟ್ರೋಲ್‌ಗೆ ತಿರುಗಿಸಿ ಕೆಲವು ನಿಮಿಷ ಓಡಿಸಿಯೇ ನಿಲ್ಲಿಸಬೇಕೆಂಬುದನ್ನು ಮಾತ್ರ ಹಲವರು ಮರೆಯುತ್ತಾರೆ. ಕಾರ್ಬ್ಯುರೇಟರಿನ ಬಟ್ಟಲಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಬೆಳಗ್ಗೆ ಹಗ್ಗ ಎಳೆದು ತೋಳು ಸೋಲಬೇಕಷ್ಟೆ. ಸೀಮೆಎಣ್ಣೆಯಲ್ಲಿ ಹೊಗೆಕಪ್ಪು ಬೇಗ ಕಟ್ಟುವುದರಿಂದ ಹೆಡ್ ಮತ್ತು ಎಗ್ಸಾಸ್ಟ್ ಕಿಂಡಿಯನ್ನು ಆಗಾಗ ಬಿಚ್ಚಿ ಕೆರೆಯಬೇಕಾಗುತ್ತದೆ.

ಉಪ್ಪುನೀರು ಎಂಬ ಶತ್ರು

ಎಂಜಿನ್ ಓಡುವಾಗ ಹಿಂಬದಿಯ ಸಣ್ಣ ರಂಧ್ರದಿಂದ ನೀರು ಚಿಮ್ಮುತ್ತಿರಬೇಕು. ಧಾರೆ ಸಣ್ಣಗಾದರೆ ರಂಧ್ರದಲ್ಲಿ ಉಪ್ಪು, ಮರಳು ಕಟ್ಟಿರಬಹುದು. ತೆಳ್ಳಗಿನ ತಂತಿ ಹಾಕಿ ನೋಡಿದ ಮೇಲೂ ನೀರು ಬಾರದಿದ್ದರೆ ಎಂಜಿನ್ ನಿಲ್ಲಿಸಿ ಕೆಳಗಿನ ನೀರಿನ ಪಂಪ್ ಬಿಚ್ಚಬೇಕು. ಅದರೊಳಗಿನ ರಬ್ಬರ್ ಇಂಪೆಲ್ಲರ್‌ನ ರೆಕ್ಕೆಗಳು ಒಂದೇ ಕಡೆ ಬಾಗಿ ಗಟ್ಟಿಯಾಗಿದ್ದರೆ ಬದಲಿಸುವುದೇ ದಾರಿ. ಒಂದು ರೆಕ್ಕೆ ಮುರಿದಿದ್ದರೆ ಆ ತುಂಡು ಮೇಲಿನ ನೀರಿನ ದಾರಿಯಲ್ಲಿ ಸಿಕ್ಕಿಕೊಂಡಿರಬಹುದು. ಅದನ್ನು ಹುಡುಕಿ ತೆಗೆಯದೆ ಹೊಸ ಇಂಪೆಲ್ಲರ್ ಹಾಕಿದರೆ ಎಂಜಿನ್ ಮತ್ತೆ ಕಾಯುತ್ತದೆ. ದಡದಲ್ಲಿ ನೀರಿಲ್ಲದೆ ‘ಒಂದು ಸಲ ಸ್ಟಾರ್ಟ್ ಆಗುತ್ತದಾ ನೋಡುವ’ ಎಂದು ಓಡಿಸಿದರೆ ರಬ್ಬರ್ ಕೆಲವೇ ಸೆಕೆಂಡುಗಳಲ್ಲಿ ಸುಡಲು ಶುರುವಾಗುತ್ತದೆ.

ಕಡಲಿನಿಂದ ಬಂದ ಮೇಲೆ ಎಂಜಿನ್‌ನ ಕೆಳಭಾಗವನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ, ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ನಿಧಾನಕ್ಕೆ ಓಡಿಸುವುದು ಅತ್ಯಂತ ಅಗ್ಗದ ರಿಪೇರಿ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ದಾಟಿ ನೀರು ಒಳಹೊಕ್ಕಿದೆ ಎಂದರ್ಥ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ, ಮೇಲಿನ ತೂತಿನಲ್ಲಿ ಹೊರಬರುವ ತನಕ ತುಂಬಬೇಕು. ಮೇಲಿನಿಂದ ಸುರಿದರೆ ಗಾಳಿ ಉಳಿಯುತ್ತದೆ. ಎಂಜಿನ್ನಿಗೆ ಅಂಟಿಸಿದ ಸತುವಿನ ತುಂಡು ಉಪ್ಪುನೀರಿನಲ್ಲಿ ತಾನು ಸವೆದು ಅಲ್ಯೂಮಿನಿಯಂ ಭಾಗಗಳನ್ನು ಉಳಿಸುತ್ತದೆ. ಅರ್ಧ ಸವೆದಾಗ ಬದಲಿಸಬೇಕು, ಅದಕ್ಕೆ ಬಣ್ಣ ಬಳಿಯಬಾರದು.

ದೋಣಿ ಮಗುಚಿ ಎಂಜಿನ್ ಕಡಲಿಗೆ ಬಿದ್ದರೆ? ಮೇಲೆತ್ತಿದ ಕ್ಷಣದಿಂದಲೇ ಗಾಳಿ ತಾಗಿ ತುಕ್ಕು ಆರಂಭ. ಸಿಹಿನೀರಿನಲ್ಲಿ ತೊಳೆದು, ಪ್ಲಗ್ ತೆಗೆದು, ಎಂಜಿನ್ ಬಾಗಿಸಿ ಸಿಲಿಂಡರಿನ ನೀರು ಹರಿಯಬಿಟ್ಟು, ಎಣ್ಣೆ ಸುರಿದು ನಿಧಾನಕ್ಕೆ ಹಗ್ಗ ಎಳೆಯಬೇಕು. ಕಾರ್ಬ್ಯುರೇಟರ್ ಮತ್ತು ಟ್ಯಾಂಕಿನ ಇಂಧನ ಚೆಲ್ಲಿ ಹೊಸದು ಹಾಕಿ ಅದೇ ದಿನ ಓಡಿಸಬೇಕು. ಒಳಗೆ ಮರಳು ಹೊಕ್ಕಿದ್ದರೆ, ಇಲ್ಲವೇ ಓಡುತ್ತಿರುವಾಗಲೇ ಮುಳುಗಿದ್ದರೆ ಹಗ್ಗ ಎಳೆಯುವ ಗೋಜಿಗೆ ಹೋಗಬಾರದು. ಕನೆಕ್ಟಿಂಗ್ ರಾಡ್ ಬಾಗಿರಬಹುದು. ಮೆಕ್ಯಾನಿಕ್ ಮರುದಿನವೇ ಸಿಗುವುದಾದರೆ ಅಲ್ಲಿಯವರೆಗೆ ಎಂಜಿನ್ ಅನ್ನು ಸಿಹಿನೀರಿನಲ್ಲೇ ಪೂರ್ತಿ ಮುಳುಗಿಸಿಡುವುದು ಲೇಸು. ವಿಚಿತ್ರ ಎನಿಸಿದರೂ, ಒದ್ದೆಯಾಗಿ ಹೊರಗಿಟ್ಟ ಎಂಜಿನ್‌ಗಿಂತ ಅದು ಸುರಕ್ಷಿತ.

ಬಿಡಿಭಾಗ ಎಲ್ಲಿ, ಹೇಗೆ?

ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಯುರೋಪ್, ಅಮೆರಿಕದಲ್ಲಿ ಕಾರ್ಬ್ಯುರೇಟರಿನ ಟು-ಸ್ಟ್ರೋಕ್ ಔಟ್‌ಬೋರ್ಡ್‌ಗಳ ಮಾರಾಟ ನಿಂತಿತು. 2020ರಲ್ಲಿ ಎವಿನ್‌ರೂಡ್ ಎಂಜಿನ್‌ಗಳ ತಯಾರಿಕೆಯೇ ನಿಂತುಹೋಯಿತು. ಏಷ್ಯಾ, ಆಫ್ರಿಕಾದ ಮೀನುಗಾರರಿಗಾಗಿ ಯಮಹಾ ಎಂಡ್ಯೂರೋದಂಥ ಮಾದರಿಗಳು ಮುಂದುವರಿದಿರುವುದರಿಂದ ನಮ್ಮ ಕರಾವಳಿಗೆ ಬಿಡಿಭಾಗದ ಬರ ಅಷ್ಟಾಗಿ ತಟ್ಟಿಲ್ಲ. ತೊಂದರೆ ಇರುವುದು ಸರಿಯಾದದ್ದನ್ನು ಗುರುತಿಸುವುದರಲ್ಲಿ.

‘9.9ರ ಇಂಪೆಲ್ಲರ್ ಕೊಡಿ’ ಎಂದರೆ ಸಾಲದು. ಕ್ಲ್ಯಾಂಪ್ ಬ್ರಾಕೆಟ್ ಮೇಲಿನ ಫಲಕದಲ್ಲಿರುವ ಮಾದರಿ ಮತ್ತು ಕ್ರಮಸಂಖ್ಯೆಯ ಫೋಟೊ ಮೊಬೈಲಿನಲ್ಲಿರಲಿ. ಉಪ್ಪು ತಿಂದು ಅಕ್ಷರ ಅಳಿಸುವ ಮೊದಲೇ ತೆಗೆದಿಡಬೇಕು. ಯಮಹಾ ಬಿಡಿಭಾಗದ ಸಂಖ್ಯೆಯಲ್ಲಿ ಮೊದಲ ಮೂರು ಅಕ್ಷರ-ಅಂಕೆ ಆ ಭಾಗ ಮೊದಲು ಬಳಕೆಯಾದ ಮಾದರಿಯದು, ನಡುವಿನ ಐದು ಅಂಕೆ ಭಾಗ ಯಾವುದೆಂದು ಹೇಳುತ್ತದೆ. 44352 ಎಂದರೆ ಇಂಪೆಲ್ಲರ್. ಕೊನೆಯ ಎರಡು ಅಂಕೆ ತಿದ್ದುಪಡಿಯನ್ನು ಸೂಚಿಸುತ್ತವೆ. ಅಲ್ಲಿ ವ್ಯತ್ಯಾಸ ಕಂಡರೆ ಅದು ಸುಧಾರಿತ ಆವೃತ್ತಿಯೇ ಎಂದು ಡೀಲರ್ ಬಳಿ ಕೇಳಿಕೊಳ್ಳಬಹುದು. ಮುಂಬೈಯಲ್ಲೋ ಚೆನ್ನೈಯಲ್ಲೋ ಇರುವ ಅಣ್ಣನಿಂದ ತರಿಸುವವರು ‘ಪಂಪಿನ ಒಳಗಿನ ಕಪ್ಪು ರಬ್ಬರ್’ ಎಂದು ವಿವರಿಸುವ ಬದಲು ಈ ಸಂಖ್ಯೆ ಕಳುಹಿಸಿದರೆ ಒಂದು ವಾರ ಉಳಿಯುತ್ತದೆ.

ಪ್ಲಗ್ ವಿಷಯದಲ್ಲಿ ಎಡವುವವರು ಹೆಚ್ಚು. ಎನ್‌ಜಿಕೆ ಪ್ಲಗ್‌ಗಳಲ್ಲಿ ಬಿ7ಎಚ್‌ಎಸ್ ಮತ್ತು ಬಿ7ಇಎಸ್ ಎರಡರ ಮರೆಯೂ 14 ಮಿ.ಮೀ. ಆದ್ದರಿಂದ ಎರಡೂ ಕೂರುತ್ತವೆ. ಆದರೆ ‘ಎಚ್’ನ ಮರೆಯ ಉದ್ದ 12.7 ಮಿ.ಮೀ., ‘ಇ’ಯದು 19 ಮಿ.ಮೀ. ಗಿಡ್ಡ ಪ್ಲಗ್ ಕೇಳುವ ಹೆಡ್‌ಗೆ ಉದ್ದದ್ದನ್ನು ಬಿಗಿದರೆ ಪಿಸ್ಟನ್‌ಗೆ ಬಡಿಯುವ ಅಪಾಯವಿದೆ.

ಆಯಿಲ್ ಸೀಲ್, ಬೇರಿಂಗ್‌ಗಳ ಮೇಲೆ ಸಾಮಾನ್ಯವಾಗಿ ಅಳತೆ ಅಥವಾ ಸಂಖ್ಯೆ ಅಚ್ಚಾಗಿರುತ್ತದೆ. ಹಲವು ಸಲ ಮಂಗಳೂರಿನಂಥ ಊರಿನ ಬೇರಿಂಗ್ ಅಂಗಡಿಯಲ್ಲೇ ಅದೇ ಅಳತೆಯದು ಸಿಕ್ಕೀತು. ಕ್ರ್ಯಾಂಕ್ ಸೀಲ್ ಮಾತ್ರ ಪೆಟ್ರೋಲ್ ತಡೆಯುವ ರಬ್ಬರಿನದ್ದೇ ಆಗಿರಬೇಕು. ನಕಲಿ ಪ್ರೊಪೆಲ್ಲರ್ ಅಥವಾ ಕೌಲ್‌ನ ಲಾಚ್ ಬಳಸಿದರೆ ದೊಡ್ಡ ನಷ್ಟವಿಲ್ಲ. ಪಿಸ್ಟನ್, ರಿಂಗ್, ಇಂಪೆಲ್ಲರ್, ಸಿಡಿಐ ಯೂನಿಟ್‌ಗಳಲ್ಲಿ ಅಗ್ಗದ್ದಕ್ಕೆ ಹೋಗದಿರುವುದೇ ಒಳ್ಳೆಯದು.

ಮುರಿದ ಶಿಯರ್ ಪಿನ್ ಜಾಗಕ್ಕೆ ಕಬ್ಬಿಣದ ಮೊಳೆ ಹಾಕುವ ಅಭ್ಯಾಸ ಹಲವೆಡೆ ಇದೆ. ಪ್ರೊಪೆಲ್ಲರ್ ಬಂಡೆಗೋ ಬಲೆಗೋ ತಾಗಿದಾಗ ತಾನು ಮುರಿದು ಗೇರ್ ಉಳಿಸಲೆಂದೇ ಆ ಪಿನ್ ಮೆತ್ತಗಿರುತ್ತದೆ. ಮೊಳೆ ಮುರಿಯುವುದಿಲ್ಲ, ಗೇರಿನ ಹಲ್ಲು ಮುರಿಯುತ್ತದೆ. ಪಿನ್ ಇರುವ ಮಾದರಿಯಾದರೆ ಎರಡು ಹೆಚ್ಚುವರಿ ಪಿನ್, ಒಂದು ಜತೆ ಪ್ಲಗ್, ಪ್ಲಗ್ ಸ್ಪ್ಯಾನರ್, ತುರ್ತಿಗೆ ಫ್ಲೈವೀಲಿಗೆ ಸುತ್ತಿ ಎಳೆಯಲು ಒಂದು ಹಗ್ಗ, ಇವಿಷ್ಟನ್ನು ನೀರು ಹೊಗದ ಡಬ್ಬದಲ್ಲಿ ದೋಣಿಗೇ ಕಟ್ಟಿಡಬೇಕು.